ಜೂನ್ ಒಂದರಂದು ಹುಟ್ಟಿದವರ ಮೊಮ್ಮಕ್ಕಳು

ನಮ್ಮಪ್ಪ ಹುಟ್ಟಿದ್ದು ಜೂನ್ 1. ಚಿಕ್ಕಪ್ಪ ಜೂನ್ 1. ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರೂ ಜೂನ್ 1. ಊರಿನ ಹೆರಿಗೆಗಳೆಲ್ಲ ಒಂದೇ ದಿನ ಹೇಗಾದವೆಂದು ಸೂಲಗಿತ್ತಿಯ ಮೇಲೆ ಅನುಮಾನ ಬೇಡ. ಹೆಡ್‌ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತು ಎಂದರ್ಥ. ರಿಜಿಸ್ಟರಿಗೆ ಒಂದು ತಾರೀಖು ಬೇಕಲ್ಲ, ಬರೆದರು.

ನನ್ನ ಮಗ ಈಗ ನಾಲ್ಕನೇ ಕ್ಲಾಸು. ಅವನು ಹುಟ್ಟಿದ್ದು 2000ದ ಜನವರಿ 1ರಂದು. ಬೆರಳೆಣಿಸಬೇಡಿ. ಮೊಬೈಲಿನಲ್ಲಿ ಅವನಿಗೊಂದು ಅಕೌಂಟ್ ತೆರೆಯುವಾಗ ಹುಟ್ಟಿದ ವರ್ಷ ಕೇಳಿತು, ನಿಜ ಹೇಳಿದರೆ ಒಳಗೆ ಬಿಡಲಿಲ್ಲ. ಹೆಬ್ಬೆರಳಿನಿಂದ ಜೋರಾಗಿ ತಳ್ಳಿದೆ. ವರ್ಷಗಳು ಜಾತ್ರೆಯ ತೊಟ್ಟಿಲಿನ ಹಾಗೆ ಗಿರ್ರನೆ ತಿರುಗಿ 2000ದಲ್ಲಿ ನಿಂತವು. ಕಿವಿ ಮುಟ್ಟಿಸುವ ಶ್ರಮವೂ ಇಲ್ಲ.

“ಅಪ್ಪಾ, ಇದು ಸುಳ್ಳಲ್ವಾ?”

“ಸುಳ್ಳಲ್ಲ ಮರಿ, ಫಾರ್ಮಾಲಿಟಿ.”

ಇಂಟರ್ನೆಟ್ ಸುರಕ್ಷತೆಯ ಮೊದಲ ಪಾಠ ಮನೆಯಲ್ಲೇ ಸಾಂಗವಾಗಿ ನೆರವೇರಿತು. ಅವನ ನಿಜವಾದ ಜನ್ಮದಿನ ಇನ್ನೂ ಬಳಕೆಯಲ್ಲಿರುವುದು ಒಂದೇ ಕಡೆ, ನನ್ನ ಬ್ಯಾಂಕಿನ ಪಾಸ್‌ವರ್ಡಿನಲ್ಲಿ. (ಇದು ಅಚ್ಚಾಗುವುದರೊಳಗೆ ಬದಲಿಸಬೇಕು.)

ಎರಡನೇ ಪಾಠ ಶಾಲೆಯದು. ಹೋದ ಶನಿವಾರ ಒಬ್ಬ ಸಂಪನ್ಮೂಲ ವ್ಯಕ್ತಿ ಬಂದು, ಗುರುತಿಲ್ಲದವರಿಗೆ ಹೆಸರು, ಶಾಲೆ, ಫೋಟೋ ಕೊಡಬಾರದೆಂದು ಮಕ್ಕಳಿಂದ ಮೂರು ಸಲ ಒಕ್ಕೊರಲಿನಲ್ಲಿ ಹೇಳಿಸಿದರು. ಆಮೇಲೆ ಮಕ್ಕಳನ್ನು ಐಡಿ ಕಾರ್ಡ್ ಕಾಣುವಂತೆ ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು, ಹೆಸರು ಸೆಕ್ಷನ್ ಸಮೇತ ಶಾಲೆಯ ಫೇಸ್‌ಬುಕ್ಕಿಗೆ ಏರಿಸಿದರು. ನನ್ನ ಹೆಂಡತಿ ಅದನ್ನೇ ಸ್ಟೇಟಸ್ಸಿಗೆ ಹಾಕಿದಳು. ನಾನು ಹೃದಯ ಒತ್ತಿದೆ.

ಮಗ ಮಾತ್ರ ಕೇಳಿದ್ದನ್ನು ನಿಜವೆಂದೇ ನಂಬಿ ಮನೆಗೆ ಬಂದ. “ತಾತ, 1930 ಅಂದ್ರೆ ಏನು ಹೇಳು?”

“ಉಪ್ಪಿನ ಸತ್ಯಾಗ್ರಹ ಕಣೋ! ನಮ್ಮ ಅಂಕೋಲಾದಲ್ಲೂ ಆಯ್ತು.”

“ಅಲ್ಲ ತಾತ, ಆನ್‌ಲೈನಲ್ಲಿ ದುಡ್ಡು ಹೋದ್ರೆ ತಕ್ಷಣ ಮಾಡೋ ನಂಬರ್.”

ಅಪ್ಪನಿಗೆ ಬೇಸರವಾಯಿತು. ಮೊಮ್ಮಗನ ಮೇಲೆ ಅವರಿಗೆ ಮೊದಲೇ ಸಿಟ್ಟಿತ್ತು. ಹೋದ ತಿಂಗಳು “ಬ್ಯಾಂಕಿನವರಿಗೆ” ಅವರು ಆರಂಕಿಯ ಓಟಿಪಿಯನ್ನು ಮಗ್ಗಿ ಹೇಳಿದಷ್ಟು ಸ್ಪಷ್ಟವಾಗಿ ಓದಿ ಹೇಳುತ್ತಿದ್ದಾಗ, ಐದನೇ ಅಂಕಿಗೆ ಇವನು ಫೋನ್ ಕಿತ್ತುಕೊಂಡಿದ್ದ. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದೆಂದು ನಾನೇ ಅವನಿಗೆ ಎರಡು ಬಿಟ್ಟಿದ್ದೆ.

ಅಂದ ಹಾಗೆ, ಅಕೌಂಟ್ ತೆರೆಯುವಾಗ ಅಡ್ಡ ಬಂದ ಆ ವಯಸ್ಸಿನ ಗಡಿ ಇಳಿದು ಬಂದದ್ದು ಅಮೆರಿಕದಿಂದ. 13 ತುಂಬದ ಮಕ್ಕಳ ಮಾಹಿತಿ ಸಂಗ್ರಹಿಸಲು ತಂದೆತಾಯಿಯ ಒಪ್ಪಿಗೆ ಬೇಕೆಂದು 1998ರಲ್ಲಿ ಅಲ್ಲಿ ಕಾನೂನಾಯಿತು. ಒಪ್ಪಿಗೆ ಕೇಳುವ ತಾಪತ್ರಯವೇಕೆಂದು ಅನೇಕ ಕಂಪನಿಗಳು ಚಿಕ್ಕವರಿಗೆ ಪ್ರವೇಶವಿಲ್ಲ ಎಂಬ ಬೋರ್ಡು ತಗುಲಿಸಿದವು. ಬಾಗಿಲಿಗೆ ಚಿಲಕ ಹಾಕಲು ಮರೆತವು. ನಮ್ಮ ಸಂಸತ್ತಿನದು ಇನ್ನೂ ದೊಡ್ಡ ಮನಸ್ಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬುವವರೆಗೂ ಮಗುವೇ. ಹೆತ್ತವರ ಒಪ್ಪಿಗೆ ಬೇಕು, ಮಗು ಏನೇನು ನೋಡುತ್ತದೆಂದು ಬೆನ್ನು ಹತ್ತುವಂತಿಲ್ಲ, ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ನಿಯಮಗಳು ಹೊರಬೀಳಲು 2025ರ ನವೆಂಬರ್ ಆಯಿತು, ಇರಲಿ. ಆ ರಕ್ಷಣೆಯೆಲ್ಲ ಮಕ್ಕಳಿಗೆ. ನನ್ನ ಮಗನ ಬಾಲ್ಯವನ್ನು ನಾನು ಒಂದೇ ಹೆಬ್ಬೆರಳಿನಲ್ಲಿ ಮುಗಿಸಿದ್ದೇನೆ. ಫೋನಿನ ಲೆಕ್ಕದಲ್ಲಿ ಅವನು ಇಪ್ಪತ್ತೈದು ದಾಟಿದ ಗಂಡಸು.

ಫೋನು ಅವನನ್ನು ಹಾಗೇ ನಡೆಸಿಕೊಳ್ಳುತ್ತಿದೆ. ಕಾರ್ಟೂನಿನ ನಡುವೆ ಕೂದಲುದುರದ ಎಣ್ಣೆ ಬರುತ್ತದೆ, ಆನ್‌ಲೈನ್ ಇಸ್ಪೀಟು ಕರೆಯುತ್ತದೆ, ಸ್ವಜಾತಿಯ ಕನ್ಯೆಯರು ಕಾಯುತ್ತಿದ್ದಾರೆಂದು ಫೋಟೋ ಸಮೇತ ತಿಳಿಸುತ್ತದೆ. ನಿನ್ನೆ ರಾತ್ರಿ ಹೋಮ್‌ವರ್ಕ್ ಬಿಟ್ಟು ನನ್ನ ಪಕ್ಕ ಬಂದು ಕೂತ.

“ಅಪ್ಪಾ, ನಂಗೆ ಎರಡು ಲಕ್ಷ ಲೋನ್ ಕೊಡ್ತಾರಂತೆ. ಇಎಂಐ ಅಂದ್ರೆ ಏನು?”