ಕಂಪ್ಯೂಟರಿಗೆ ಬೀಗ ಹಾಕುವ ಮಹನೀಯರಿಗೆ

ಮಾನ್ಯ ಪೇರೆಂಟಲ್ ಕಂಟ್ರೋಲ್ ಅವರ ಸನ್ನಿಧಾನಕ್ಕೆ,

ಮೈಸೂರಿನ ಕುವೆಂಪುನಗರದಿಂದ ಹನ್ನೆರಡು ವರ್ಷದ ಹುಡುಗಿಯ ತಾಯಿ ಮಾಡುವ ಸವಿನಯ ನಮಸ್ಕಾರಗಳು. ತಾವು ನಮ್ಮ ಮನೆಗೆ ದಯಮಾಡಿಸಿ ಎರಡು ವರ್ಷವಾಯಿತು. ಕರೆತಂದವಳು ನಾನೇ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಪರದೆಗೆ ಬಂದಾಗ ಕಂತಿನ ಮೇಲೆ ಕಂಪ್ಯೂಟರ್ ಕೊಂಡೆವು. ಆಮೇಲೆ ಶಾಲೆ ತೆರೆಯಿತು, ಕಂಪ್ಯೂಟರಿನ ಮುಂದಿನ ಕುರ್ಚಿ ಮಾತ್ರ ಖಾಲಿಯಾಗಲಿಲ್ಲ. ರಾತ್ರಿ ಹನ್ನೊಂದಾದರೂ ಮಗಳ ಮುಖದ ಮೇಲೆ ಪರದೆಯ ಬೆಳಕು ಕಂಡು ಹೆದರಿ, ಮಕ್ಕಳ ಕಂಪ್ಯೂಟರ್ ಬಳಕೆಗೆ ಮಿತಿ ಹಾಕುವ ತಂತ್ರಾಂಶವಾದ ತಮ್ಮನ್ನು ಬರಮಾಡಿಕೊಂಡೆ. ತಾವು ಬಂದು ರಾತ್ರಿ ಒಂಬತ್ತಕ್ಕೆ ಬೀಗ ಹಾಕಿದ ಮೊದಲ ವಾರವೇ ಅವಳು ಒಂಬತ್ತೂವರೆಗೆ ಮಲಗಿದಳು. ಆ ನಿದ್ದೆಯ ಋಣ ನನ್ನ ಮೇಲಿದೆ. ಅದನ್ನು ಒಪ್ಪಿಕೊಂಡೇ ಉಳಿದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮ ಸಮಯಪಾಲನೆಗೆ ತಲೆಬಾಗುತ್ತೇನೆ. ದಿನಕ್ಕೊಂದು ಗಂಟೆ ಎಂದರೆ ಅರವತ್ತು ನಿಮಿಷ. ಅರವತ್ತೊಂದನೆಯದನ್ನು ತಾವು ಯಾರಿಗೂ ಕೊಟ್ಟವರಲ್ಲ. ಕಳೆದ ಜುಲೈನ ಒಂದು ಸಂಜೆಯೂ ಕೊಡಲಿಲ್ಲ. ಅವತ್ತು ಮಗಳು ಸ್ಕ್ರಾಚ್‌ನಲ್ಲಿ ಚೌಕಾಬಾರ ಆಟ ಕಟ್ಟುತ್ತಿದ್ದಳು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳೇ ಪ್ರೋಗ್ರಾಂ ಬರೆಯಲೆಂದು ಅಮೆರಿಕದ ಎಂಐಟಿಯವರು 2007ರಲ್ಲಿ ಉಚಿತವಾಗಿ ಕೊಟ್ಟದ್ದು ಈ ಸ್ಕ್ರಾಚ್. ಇಪ್ಪತ್ತೈದು ಮನೆಗಳನ್ನು ಬರೆದಾಗಿತ್ತು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ ಎಂಬುದನ್ನು ಕಂಪ್ಯೂಟರಿಗೆ ಕಲಿಸಿಯಾಗಿತ್ತು. ಕಾಯಿ ಹೊರಸುತ್ತು ಮುಗಿಸಿ ಒಳಸುತ್ತಿಗೆ ಬಂದಾಗ ದಿಕ್ಕು ಬದಲಿಸಬೇಕಲ್ಲ, ಅದು ಮಾತ್ರ ಬದಲಿಸದೆ ಮೂಲೆಯಲ್ಲೇ ನಿಂತುಬಿಡುತ್ತಿತ್ತು. ನಲವತ್ತು ನಿಮಿಷ ಅದರ ಹಿಂದೆ ಬಿದ್ದಿದ್ದಳು. ಒಮ್ಮೆಗೇ ‘ಅಮ್ಮಾ, ಗೊತ್ತಾಯ್ತು!’ ಎಂದು ಕೂಗಿದಳು. ನಾನು ಒಲೆ ಸಣ್ಣ ಮಾಡಿ ಅಡುಗೆಮನೆಯಿಂದ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ‘ಇಂದಿನ ನಿಮ್ಮ ಸಮಯ ಮುಗಿದಿದೆ’ ಎಂದು ತಾವು ಇಂಗ್ಲಿಷ್‌ನಲ್ಲಿ ಬರೆದಿದ್ದಿರಿ.

ಅವಳು ಅಳಲಿಲ್ಲ. ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ ಎದ್ದು ಹೋದಳು. ಹಿಂದಿನ ದಿನ ಅದೇ ಹುಡುಗಿ ಅದೇ ಕುರ್ಚಿಯಲ್ಲಿ ಅರ್ಧ ನಿಮಿಷದ ವಿಡಿಯೊಗಳನ್ನು ಒಂದರ ಮೇಲೊಂದು ಜಾರಿಸುತ್ತ ಒಂದು ಗಂಟೆ ಕಳೆದಿದ್ದಳು. ತಮ್ಮ ಲೆಕ್ಕದಲ್ಲಿ ಎರಡು ದಿನವೂ ಒಂದೇ.

ಈ ‘ಒಂದು ಗಂಟೆ’ ಎಲ್ಲಿಂದ ಬಂತೆಂದು ಹುಡುಕಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಐದು ವರ್ಷ ತುಂಬದ ಮಕ್ಕಳ ಬಗ್ಗೆ: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು. ಐದರಿಂದ ಹದಿನೇಳು ವರ್ಷದವರ ಬಗ್ಗೆ 2020ರಲ್ಲಿ ಮಾತಾಡಿದಾಗ ಅದು ಗಂಟೆಯ ಲೆಕ್ಕ ಕೊಡಲೇ ಇಲ್ಲ. ಕೂತಲ್ಲೇ ಕೂರುವುದನ್ನು, ಅದರಲ್ಲೂ ಮನರಂಜನೆಗೆ ಪರದೆ ನೋಡುವುದನ್ನು ಮಿತಿಯಲ್ಲಿಡಿ ಎಂದಿತು. ಮನರಂಜನೆಗೆ ಎಂಬ ಆ ಒಂದು ಮಾತನ್ನು ತಾವು ಓದಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಕೆಟ್ಟದ್ದು ಮಗುವಿನ ಕಣ್ಣಿಗೆ ಬೀಳದಂತೆ ತಾವು ಕಾಯುವುದಕ್ಕೂ ನಾನು ಕೃತಜ್ಞೆ. ಆದರೆ ತಮಗೆ ಕನ್ನಡ ಬರುವುದಿಲ್ಲ. ಅವಳ ಏಳನೇ ತರಗತಿಯ ವಿಜ್ಞಾನದಲ್ಲಿ ಸಸ್ಯಗಳ ಸಂತಾನೋತ್ಪತ್ತಿಯ ಪಾಠವಿತ್ತು. ಹೂವಿನ ಚಿತ್ರಕ್ಕಾಗಿ ಅವಳು ಇಂಗ್ಲಿಷ್‌ನಲ್ಲಿ ಹುಡುಕಿದರೆ ತಾವು ಪುಟವನ್ನೇ ತಡೆದಿರಿ. ಅದೇ ವಾರ ಒಂದು ಆಟದ ವಿಡಿಯೊದ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಪ್ಪಟ ಕನ್ನಡ ಬೈಗುಳಗಳು ಸಾಲಾಗಿ ತಮ್ಮ ಕಣ್ಣೆದುರೇ ಒಳಗೆ ಬಂದವು. ತಮ್ಮ ಕುಲಕ್ಕೆ ಈ ತೊಂದರೆ ಹಳೆಯದು. 1996ರಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್ ಊರಿನವರು ಎಒಎಲ್ ಎಂಬ ಅಂತರ್ಜಾಲ ಕಂಪನಿಯಲ್ಲಿ ಖಾತೆ ತೆರೆಯಲು ಹೋದರೆ, ಊರಿನ ಹೆಸರಿನ ನಡುವೆ ಕೆಟ್ಟ ಪದದ ಅಕ್ಷರಗಳಿವೆಯೆಂದು ಸೋಸುವ ಯಂತ್ರ ಅವರನ್ನು ಹೊರಗಿಟ್ಟಿತ್ತು. ಕನ್ನಡದ ಮನೆಗಳಲ್ಲಿ ಕಾವಲಿಗೆ ನಿಂತ ಮೇಲೆ ಕನ್ನಡ ಕಲಿಯುವುದು ತಮ್ಮ ಕರ್ತವ್ಯ.

ಇನ್ನು ತಮ್ಮ ವರದಿಯ ವಿಷಯ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ.

ಪ್ರತಿ ಭಾನುವಾರ ಬೆಳಿಗ್ಗೆ ತಪ್ಪದೆ ನನ್ನ ಮೊಬೈಲಿಗೆ ವರದಿ ಕಳಿಸುತ್ತೀರಿ: ಯಾವ ಪುಟ, ಎಷ್ಟು ನಿಮಿಷ, ಏನು ಹುಡುಕಿದಳು. ಸೆಪ್ಟೆಂಬರಿನ ಒಂದು ವರದಿಯಲ್ಲಿ ‘ಮೊದಲ ಸಲ ಮುಟ್ಟಾದರೆ ಎಷ್ಟು ದಿನ’ ಎಂಬ ಸಾಲು ಇತ್ತು. ನನ್ನ ಮಗಳು ದೊಡ್ಡವಳಾದ ಸುದ್ದಿಯನ್ನು ನಾನು ತಿಳಿದದ್ದು ಹೀಗೆ. ಅವಳ ಕೋಣೆಗೆ ಓಡಿದೆ. ‘ಯಾಕೆ ಪುಟ್ಟಿ, ನನಗೆ ಹೇಳಲಿಲ್ಲ?’ ಎಂದೆ. ಅವಳ ಮುಖ ಬಿಳಿಚಿತು. ‘ನಿಂಗೆ ಹೆಂಗ್ ಗೊತ್ತಾಯ್ತು?’ ಎಂದಳು. ಹಿಂದಿನ ದಿನದಿಂದ ಅವಳು ಧೈರ್ಯ ಕೂಡಿಸಿಕೊಳ್ಳುತ್ತಿದ್ದಳಂತೆ. ರಾತ್ರಿ ಊಟವಾದ ಮೇಲೆ ಹೇಳಬೇಕು ಎಂದುಕೊಂಡಿದ್ದಳಂತೆ. ನನ್ನ ಅಮ್ಮನಿಗೆ ನಾನು ಹಿತ್ತಲಿನ ಕಲ್ಲಿನ ಹತ್ತಿರ ನಿಂತು ತಡವರಿಸಿ ಹೇಳಿದ್ದು ಇವತ್ತಿಗೂ ನೆನಪಿದೆ. ಅಂಥ ಮಾತೊಂದನ್ನು ನನಗೆ ಹೇಳುವ ಅವಕಾಶ ನನ್ನ ಮಗಳಿಗೆ ಸಿಗಲಿಲ್ಲ. ಈಗ ಕೇಳಬೇಕಾದ್ದನ್ನು ಅವಳು ಚಿಕ್ಕಮ್ಮನ ಮೊಬೈಲಿನಲ್ಲಿ ಹುಡುಕುತ್ತಾಳೆ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹದಿನೆಂಟು ತುಂಬದವರ ನಡವಳಿಕೆಯ ಜಾಡನ್ನು ಕಂಪನಿಗಳು ಹಿಡಿಯಬಾರದು ಎನ್ನುತ್ತದೆ. ತಾಯಿ ಹಿಡಿಯಬಹುದೇ ಎಂಬುದನ್ನು ತಾಯಿಯೇ ಯೋಚಿಸಬೇಕು. ನಾನು ಯೋಚಿಸದೆ ಎಲ್ಲ ಗುಂಡಿಗಳನ್ನೂ ಒತ್ತಿದ್ದೆ. ಅದು ನನ್ನ ತಪ್ಪು. ಆದರೆ ಮೊದಲ ಪುಟದಲ್ಲೇ ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕಿ ಮುಂದಿಟ್ಟವರು ತಾವು.

ಗಡಿಯಾರದ ತಾರೀಖು ಹಿಂದೆ ಸರಿಸಿ ತಮ್ಮನ್ನು ದಾಟುವುದು ಅವಳ ತರಗತಿಯ ಅರ್ಧ ಮಕ್ಕಳಿಗೆ ಗೊತ್ತು. ಅದನ್ನು ದೂರುವುದಿಲ್ಲ. ಬಲಿತ ವ್ಯಸನಕ್ಕೆ ಬೀಗ ಮದ್ದಲ್ಲ ಎಂದಷ್ಟೇ ಹೇಳುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ನಡೆಯುತ್ತಿದೆ. ಪರದೆ ಬಿಡಲಾಗದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮುಖ್ಯವಾಗಿ ನಡೆಯುವುದು ಮಾತು. ಎದುರಿಗೆ ಒಬ್ಬರು ಕೂತು ಮಗುವಿನ ಮಾತು ಕೇಳುತ್ತಾರೆ.

ಆದ್ದರಿಂದ ತಮ್ಮಲ್ಲಿ ಮೂರು ಬಿನ್ನಹ. ಪರದೆ ಮುಚ್ಚುವ ಹತ್ತು ನಿಮಿಷ ಮೊದಲು ಮಗುವಿಗೆ ಗಟ್ಟಿಯಾಗಿ ಹೇಳಿ, ಹಿಡಿದ ಕೆಲಸ ಮುಗಿಸಲು ಬಿಡಿ. ಮಗು ಏನನ್ನಾದರೂ ಕಟ್ಟುತ್ತಿರುವ ಹೊತ್ತನ್ನು ಬರೀ ನೋಡುತ್ತಿರುವ ಹೊತ್ತಿನ ಜೊತೆ ಕೂಡಬೇಡಿ. ನನಗೆ ಕಳಿಸುವ ವರದಿಯನ್ನು ಮೊದಲು ಮಗುವಿಗೆ ತೋರಿಸಿ, ಅವಳು ಓದಿದ ಮೇಲೆ ನನಗೆ ಬರಲಿ.

ಓದುಗ ತಂದೆತಾಯಿಯರೇ, ನಿಮ್ಮ ಮನೆಯಲ್ಲೂ ಇವರು ಇದ್ದರೆ ಇಂದೇ ಸೆಟ್ಟಿಂಗ್ಸ್ ತೆರೆದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಓದಿ. ನಾವು ಹೋದ ವಾರ ಓದಿದೆವು. ರಾತ್ರಿ ಒಂಬತ್ತರ ಬೀಗ ಇರಲಿ ಎಂದು ಅವಳೇ ಹೇಳಿದಳು, ಅದು ಉಳಿದಿದೆ. ದಿನದ ಒಂದು ಗಂಟೆಯ ಲೆಕ್ಕದಿಂದ ಸ್ಕ್ರಾಚ್ ಹೊರಗೆ ಬಂದಿದೆ. ಭಾನುವಾರದ ವರದಿಯನ್ನು ನಿಲ್ಲಿಸಿದ್ದೇನೆ.

ಇಂತಿ ತಮ್ಮ ವಿಧೇಯಳಾದ,
ಒಬ್ಬ ತಾಯಿ