ಪೂಜಾರಿ ಕೊಡದ ಪೆನ್‌ಡ್ರೈವ್

ಸ್ವಾತಂತ್ರ್ಯ ಅಂದರು. ಲಿನಕ್ಸ್ ಹಾಕಿಕೋ, ನಿನ್ನ ಕಂಪ್ಯೂಟರಿಗೆ ನೀನೇ ಯಜಮಾನ ಅಂದರು. ಹಾಕಿಕೊಂಡೆ. ನನ್ನ ದುಡ್ಡಿನ ಪೆನ್‌ಡ್ರೈವನ್ನು ನನ್ನದೇ ಕಂಪ್ಯೂಟರಿಗೆ ಚುಚ್ಚಿದೆ. ನಿಮಗೆ ಅಧಿಕಾರವಿಲ್ಲ ಅಂತು.

ದೇವರು ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ದೇವರು ಕರ್ನಲ್ಲು. ಚುಚ್ಚಿದ ಕ್ಷಣವೇ ಗುರುತು ಹಿಡಿದು ‘ಎಸ್‌ಡಿಬಿ’ ಅಂತ ನಾಮಕರಣವನ್ನೂ ಮುಗಿಸಿರುತ್ತದೆ. ಗರ್ಭಗುಡಿಯ ಬಾಗಿಲಿಗೆ ಅಡ್ಡ ನಿಂತವನು, ಯಾರಿಗೆ ಅನುಮತಿ ಎಂದು ತೀರ್ಮಾನಿಸುವ ಪೂಜಾರಿ ಪೋಲ್‌ಕಿಟ್. ನಾನು ಮಾಡಿದ ಪಾಪ ಇಷ್ಟೇ: ಗ್ನೋಮ್ ಡೆಸ್ಕ್‌ಟಾಪಿನ ಭಾರ ಬೇಡ ಅಂತ ಹಗುರವಾದ ವಿಂಡೋ ಮ್ಯಾನೇಜರ್ ಆರಿಸಿಕೊಂಡದ್ದು; ಪೂಜಾರಿಯನ್ನು ಒಲಿಸುವ ಮಧ್ಯವರ್ತಿ ಅದರಲ್ಲಿಲ್ಲ. ಆಯ್ಕೆಯ ಸ್ವಾತಂತ್ರ್ಯವನ್ನು ಬೋಧಿಸಿದವರೂ ಇವರೇ.

ಚುಚ್ಚಿದ ಡಿಸ್ಕನ್ನು ತೆರೆಯುವ, ಅಂದರೆ ಮೌಂಟ್ ಮಾಡುವ ಈ ರಸ್ತೆಯನ್ನು ಫ್ಲಾಪಿ ಕಾಲದಿಂದ ಅಗೆಯುತ್ತಲೇ ಇದ್ದಾರೆ. ಮ್ಯಾಂಡ್ರೇಕ್ ಲಿನಕ್ಸಿನವರು ಸೂಪರ್‌ಮೌಂಟ್ ತಂದರು. ಹೋಯಿತು. ಹ್ಯಾಲ್ ಬಂತು. ಹೋಯಿತು. ಡಿವೈಸ್‌ಕಿಟ್ ಬಂತು, ಬಣ್ಣ ಆರುವ ಮುಂಚೆ ಯುಡಿಸ್ಕ್ಸ್ ಅಂತ ಬೋರ್ಡು ಬದಲಾಯಿತು. ಆಮೇಲೆ ಯುಡಿಸ್ಕ್ಸ್ 2. ಪುರಸಭೆಯವರಾದರೂ ಅಗೆಯುವಾಗ ಕಮಿಷನ್ ತಿನ್ನುತ್ತಾರೆ. ಇವರು ಪುಕ್ಕಟೆ ಅಗೆಯುತ್ತಾರೆ.

ಕೇಳಿದರೆ ಭದ್ರತೆಯ ಪುರಾಣ. ವಿಂಡೋಸಿನ ಆಟೋರನ್ ನೋಡಿ, ಕಾನ್ಫಿಕರ್ ಹುಳ ಪೆನ್‌ಡ್ರೈವ್ ಹತ್ತಿ ಊರೂರು ಸುತ್ತಿತು ಅಂತ ನಕ್ಕರು. ನಗಲಿ. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕಳಿಸಿ, ಹಳೆಯ ವಿಂಡೋಸುಗಳಲ್ಲೂ ಪೆನ್‌ಡ್ರೈವಿನ ಆಟೋರನ್ ಬಾಯಿಗೆ ಬಟ್ಟೆ ತುರುಕಿತು. ಅದಕ್ಕೆ ಕೆಲವೇ ದಿನ ಮುಂಚೆ ಅಮೆರಿಕದ ಶ್ಮೂಕಾನ್ ಸಮ್ಮೇಳನದಲ್ಲಿ ಒಬ್ಬ ಸಂಶೋಧಕ ಬೀಗ ಹಾಕಿದ ಲಿನಕ್ಸ್ ಡೆಸ್ಕ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದ್ದ. ಸಿಸ್ಟಮ್ಮು ತಾನೇ ಮೌಂಟ್ ಮಾಡಿ, ಒಳಗಿನ ಫೈಲಿಗೆ ಪುಟ್ಟ ಚಿತ್ರ ಬಿಡಿಸಹೋಗಿ, ಬೀಗವನ್ನು ಅವನ ಕೈಗೇ ಕೊಟ್ಟಿತು.

ಕಳ್ಳನಿಗೆ ಆಟೋಮ್ಯಾಟಿಕ್. ಯಜಮಾನನಿಗೆ ಪಾಸ್‌ವರ್ಡ್.

ಹೇಗೋ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು ಫೈಲು ಕಾಪಿಗೆ ಹಾಕಿದೆ. ಇನ್ನು ತೆಗೆಯುವ ಭಾಗ್ಯ. ಕಾಪಿ ಪಟ್ಟಿ 100 ಮುಟ್ಟಿತು, ಮುಗಿಯಿತು ಅಂತು. ಹಸಿ ಸುಳ್ಳು. ಫೈಲು ಇನ್ನೂ ಮೆಮೊರಿಯಲ್ಲೇ ಕೂತು ಆಕಳಿಸುತ್ತಿರುತ್ತದೆ. ಬಿಚ್ಚುವ ಆಜ್ಞೆಯ ಹೆಸರು ‘ಯುಮೌಂಟ್’. ‘ಅನ್‌ಮೌಂಟ್’ ಆಗಬೇಕಿತ್ತು, ‘ನ್’ ಕಳೆದುಹೋಗಿ ಅರ್ಧ ಶತಮಾನ ಆಯಿತು, ಯಾರೂ ಹುಡುಕಿಲ್ಲ. ಅದನ್ನೇ ಒತ್ತಿದೆ. ಬಿಜಿ ಅಂತು. ಯಾರು ಬಿಜಿ? ಹೇಳುವುದಿಲ್ಲ. ತಾಲ್ಲೂಕು ಕಚೇರಿಯಲ್ಲಾದರೂ ಸಾಹೇಬರ ಹೆಸರು ಬಾಗಿಲ ಮೇಲೆ ಬರೆದಿರುತ್ತದೆ.

ತಾಳ್ಮೆ ಕೆಟ್ಟು ಕಿತ್ತುಕೊಂಡು ಜೆರಾಕ್ಸ್ ಅಂಗಡಿಗೆ ಓಡಿದೆ. ಹುಡುಗ ಚುಚ್ಚಿದ, ನೋಡಿದ, ನನ್ನನ್ನೂ ನೋಡಿದ.

“ಅಂಕಲ್, ಫೈಲ್ ಇದೆ, ಒಳಗೆ ಏನೂ ಇಲ್ಲ. ವಾಟ್ಸಾಪ್ ಮಾಡ್ಬಿಡಿ.”