ಗೃಹಸ್ಥನಿಗೆ ಮರು ಉಪನಯನ

ನಮ್ಮ ಶಾಸ್ತ್ರದಲ್ಲಿ ಮೊದಲು ಬ್ರಹ್ಮಚರ್ಯ, ಆಮೇಲೆ ಗಾರ್ಹಸ್ಥ್ಯ, ಕೊನೆಗೆ ಕಾಡಿನ ದಾರಿ. ಅಮೆರಿಕ ಈ ಸರದಿಯನ್ನು ತಿದ್ದಿದೆ. ಹೆಂಡತಿ, ಎರಡು ಮಕ್ಕಳು, 30 ವರ್ಷದ ಮನೆಸಾಲ ಎಲ್ಲ ಆದಮೇಲೆ ಅಲ್ಲಿ ಮತ್ತೆ ಬ್ರಹ್ಮಚರ್ಯ. ಬಸವೇಶ್ವರನಗರದ ನಮ್ಮ ಬೀದಿಯಿಂದಲೇ ಅಲ್ಲಿಗೆ ಹೋದ 41ರ ವಟುವೊಬ್ಬ ತಯಾರಾಗಿದ್ದಾನೆ. ಅವನಪ್ಪ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ರಾಯರು, ಪಾರ್ಕಿನ ಕಲ್ಲುಬೆಂಚಿನ ಮೇಲೆ ಸುದ್ದಿ ಬಿಚ್ಚಿದರು.

“ಮಗ ಮತ್ತೆ ಓದೋಕೆ ಸೇರ್ತಿದಾನೆ ಕಣ್ರೀ. ಎಂ.ಎಸ್.”

“ಎಂ.ಎಸ್. ಆಗ್ಲೇ ಮಾಡಿದ್ನಲ್ಲ ರಾಯರೇ?”

“ಇದು ಇನ್ನೊಂದು. ಜ್ಞಾನಕ್ಕೆ ಕೊನೆ ಅನ್ನೋದಿದ್ಯೇನ್ರೀ?”

ಜ್ಞಾನಕ್ಕಿಲ್ಲ, ಎಚ್-1ಬಿಗಿದೆ. ರಾಯರ ಮಗ ಇದ್ದ ಆ ನೌಕರಿ ವೀಸಾದಲ್ಲಿ ಕೆಲಸ ಹೋದಮೇಲೆ ಹೆಚ್ಚೆಂದರೆ 60 ದಿನ, ಶನಿವಾರ ಭಾನುವಾರ ಸೇರಿ. 2017ರಲ್ಲಿ ಜಾರಿಗೆ ಬಂದ ಈ ಗಡುವಿಗೆ ಅವರಿಟ್ಟ ಹೆಸರು ‘ಗ್ರೇಸ್ ಪೀರಿಯಡ್’. ಆ ಕೃಪೆ ತೀರುವುದರೊಳಗೆ ಬೇರೆ ಕಂಪನಿ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು, ಅದೂ ಬೇಡವೆಂದರೆ ವಿದ್ಯಾರ್ಥಿಯಾಗಲು ಅರ್ಜಿ ಹಾಕಬೇಕು. ಕಾಲೇಜಿನವರು ಐ-20 ಎಂಬ ಕಾಗದ ಕೊಡುತ್ತಾರೆ. 350 ಡಾಲರ್ ಸೆವಿಸ್ ಶುಲ್ಕ ಕಟ್ಟಿ, ಐ-539 ಎಂಬ ಅರ್ಜಿ ತುಂಬಿ ಕಳಿಸಿದರೆ, ವಲಸೆ ಇಲಾಖೆ ಮನಸ್ಸು ಮಾಡಿದ ದಿನ ಎಫ್-1 ಎಂಬ ಜನಿವಾರ ಬೀಳುತ್ತದೆ. 20 ಜನರ ತಂಡ ನಡೆಸುತ್ತಿದ್ದವನು ಇನ್ನು ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಲೈಬ್ರರಿಯ ಪುಸ್ತಕ ಜೋಡಿಸಬಹುದು. ಎಚ್-4 ಎಂಬ ಪತ್ನಿ ವೀಸಾದಲ್ಲಿ ಪರವಾನಗಿ ಪಡೆದು ದುಡಿಯುತ್ತಿದ್ದ ಸೊಸೆ ಈಗ ವಿದ್ಯಾರ್ಥಿಯ ಪತ್ನಿ, ಎಫ್-2 ಆಗುತ್ತಾಳೆ. ಬ್ರಹ್ಮಚಾರಿಯ ಪತ್ನಿಯ ಧರ್ಮವೇನೆಂದು ನಮ್ಮ ಶಾಸ್ತ್ರಕಾರರಿಗೆ ಹೊಳೆದಿರಲಿಲ್ಲ. ಅಮೆರಿಕದವರಿಗೆ ಹೊಳೆದಿದೆ: ದುಡಿಯದೆ ಮನೆಯಲ್ಲಿರುವುದು.

‘ಡೇ ಒನ್ ಸಿಪಿಟಿ’ ಎಂಬ ಉದಾರ ಗುರುಕುಲಗಳೂ ಇವೆ. ಸೇರಿದ ದಿನದಿಂದಲೇ ಕಂಪನಿ ಕೆಲಸ, ಎಲ್ಲೋ ಒಂದು ಶನಿವಾರ ಗುರುದರ್ಶನ. ಆದರೆ ಗುರುಕುಲವನ್ನು ನೋಡಿಕೊಂಡು ಸೇರಬೇಕು. ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಬಣ್ಣ 2019ರಲ್ಲಿ ಬಯಲಾದಾಗ ಅಲ್ಲಿ ಮೇಷ್ಟರೂ ಇರಲಿಲ್ಲ, ಪಾಠವೂ ಇರಲಿಲ್ಲ. ತೆರೆದಿದ್ದವರು ವೇಷ ಮರೆಸಿದ ಸರ್ಕಾರಿ ಅಧಿಕಾರಿಗಳೇ. ಸೇರಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ಫೀಸು ಮಾತ್ರ ಅಪ್ಪಟ ನಿಜದ್ದು.

ಉಪನಯನದ ಮುಖ್ಯ ಮಂತ್ರ ಇನ್ನೂ ಬಾಕಿಯಿದೆ. ಎಚ್-1ಬಿಯಲ್ಲಿದ್ದವನು ಅಲ್ಲೇ ನೆಲೆಸುವ ಆಸೆ ಇಟ್ಟುಕೊಂಡರೆ ಕಾನೂನಿನ ಅಡ್ಡಿಯಿಲ್ಲ. ವಿದ್ಯಾರ್ಥಿ ಮಾತ್ರ ಓದು ಮುಗಿಸಿ ಊರಿಗೆ ಮರಳುತ್ತೇನೆಂದು ನಂಬಿಸಬೇಕು. ಹತ್ತು ವರ್ಷ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವನಿಗೆ ರಾತ್ರೋರಾತ್ರಿ ತಾಯ್ನಾಡಿನ ಪ್ರೀತಿ ಉಕ್ಕಬೇಕು. ಉಕ್ಕಿತು.

“ಅಪ್ಪಾ, ಮನೆ ಖಾತಾ, ಕಂದಾಯದ ರಸೀದಿ, ನಿಮ್ಮ ಎಫ್‌ಡಿ ಎಲ್ಲ ಸ್ಕ್ಯಾನ್ ಮಾಡಿ ಕಳ್ಸಿ.”

“ಆ ಹಳೇ ಮನೇಲಿ ಯಾರ್ ಬಂದು ಇರ್ತಾರೆ, ಮಾರಿ ಕೆಂಗೇರಿ ಕಡೆ ಫ್ಲಾಟ್ ತಗೊಳ್ಳಿ” ಎಂದು ಹೋದ ಯುಗಾದಿಯಲ್ಲಿ ಉಪದೇಶಿಸಿದ್ದ ಮಗ, ಈಗ ಅರ್ಜಿಯ ಜೊತೆಗಿನ ಪತ್ರದಲ್ಲಿ ಅದೇ ಮನೆಯನ್ನು ತಾನು ಮರಳಲಿರುವ ಮನೆಯೆಂದು ಬರೆದ. ವಯಸ್ಸಾದ ತಂದೆತಾಯಿಯ ಆರೈಕೆಯ ಹೊಣೆಯೂ ಒಂದು ಪ್ಯಾರಾ ಆಯಿತು. ಹನ್ನೆರಡು ವರ್ಷದಿಂದ ಇದ್ದ ಅಮ್ಮನ ಮಂಡಿನೋವು ಮೊದಲ ಸಲ ಅವನ ಉಪಯೋಗಕ್ಕೆ ಬಂತು.

ಆ ಪತ್ರವನ್ನು ಗಂಡನಿಂದ ಓದಿಸಿಕೊಂಡ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮರುದಿನವೇ ಆಳು ಕರೆಸಿ ಮಹಡಿ ಮನೆಗೆ ಬಣ್ಣ ಹೊಡೆಸಿದರು. “ದೀಪಾವಳಿಗೆ ಬರ್ತಾನೇನ್ರೀ?”

ಬರುವಂತಿಲ್ಲ ತಾಯಿ. ಅರ್ಜಿ ಬಾಕಿಯಿರುವಾಗ ಅಮೆರಿಕ ಬಿಟ್ಟು ಹೊರಟರೆ ಅರ್ಜಿಯನ್ನೇ ಕೈಬಿಟ್ಟ ಲೆಕ್ಕ. ಮಂಜೂರಾದ ಮೇಲೆ ಬಂದರೂ ವಾಪಸ್ ಹೋಗಲು ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಬೇಕು. ‘ಇವನು ಊರಿಗೆ ಮರಳುವ ಆಸಾಮಿಯಲ್ಲ’ ಎಂದು ಕಿಟಕಿಯಾಚೆಯ ಅಧಿಕಾರಿಗೆ ಅನ್ನಿಸಿದರೆ ಅದೂ ಇಲ್ಲ. ಊರಿಗೆ ಮರಳುವ ಮನಸ್ಸಿದೆಯೆಂದು ಸಾಬೀತು ಮಾಡಬೇಕಾದರೆ ಊರಿನ ಕಡೆ ತಲೆಹಾಕದೆ ಇರಬೇಕು.

ಮಹಡಿಯ ಬಣ್ಣ ಒಣಗಿದೆ. ಎರಡನೇ ಎಂ.ಎಸ್. ಫೀಸಿಗೆ ಎಫ್‌ಡಿ ಮುರಿಸಿದ ರಾಯರು ಮೊನ್ನೆ ಗೇಟಿಗೆ ಬೋರ್ಡು ಕಟ್ಟಿದರು: ‘ಮನೆ ಬಾಡಿಗೆಗಿದೆ. ಫ್ಯಾಮಿಲಿಗೆ ಮಾತ್ರ. ವಿದ್ಯಾರ್ಥಿಗಳಿಗೆ, ಬ್ರಹ್ಮಚಾರಿಗಳಿಗೆ ಕೊಡುವುದಿಲ್ಲ.’